ವುಝೂ ಮಾಡಿದರೆ ನನ್ನ ಮನಸ್ಸು ಹಗುರ ಆಗುತ್ತೆ, ತಂಗಿಗೆ ಮಾತ್ರ ಉಲ್ಟಾ. ಯಾಕೆ?

ಒದ್ದೆ ತೋಳು

ಎಲ್ಲರಿಗೂ ಸಲಾಂ, ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಒಂದು ವಿಷಯ ತಲೆ ಕೊರೆಯುತ್ತಿದೆ, ಕೇಳಿಯೇ ಬಿಡುತ್ತೇನೆ. ವುಝೂ ಅಂದರೆ ನಮಾಝಿಗೆ ಮುಂಚೆ ಮುಖ, ಕೈ, ಕಾಲು ತೊಳೆದು ಶುದ್ಧವಾಗುವ ಕ್ರಮ, ಗೊತ್ತಿಲ್ಲದವರಿಗೆ ಹೇಳಿದೆ.

ಮೊದಲು ನನ್ನ ಕಥೆ. ಕಳೆದ ವಾರ ಕೆಲಸದ ಜಾಗದಲ್ಲಿ ಒಬ್ಬರ ಜೊತೆ ಜಗಳ ಆಯಿತು. ತಪ್ಪು ನನ್ನದಲ್ಲ ಅನ್ನೋದು ನನ್ನ ವಾದ, ಇರಲಿ ಬಿಡಿ. ಅವರಿಗೊಂದು ಖಾರವಾದ ಮೇಲ್ ಟೈಪ್ ಮಾಡಿದೆ. ಕಳಿಸುವ ಮುಂಚೆ ಗಡಿಯಾರ ನೋಡಿದರೆ ಅಸರ್, ಅಂದರೆ ಸಾಯಂಕಾಲದ ನಮಾಝಿನ ಹೊತ್ತು ಮೀರುತ್ತಿತ್ತು. ಎದ್ದು ವುಝೂ ಮಾಡಲು ಹೋದೆ. ಕೈ ತೊಳೆದೆ, ಬಾಯಿ ಮುಕ್ಕಳಿಸಿದೆ, ಮೂಗಿಗೆ ನೀರೆಳೆದೆ. ಮುಖಕ್ಕೆ ಮೂರನೇ ಸಲ ನೀರು ಹಾಕಿಕೊಂಡಾಗ ಗೊತ್ತಾಯಿತು, ಇಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡೇ ಇದ್ದೆ ಅಂತ. ದವಡೆ ನೋಯುತ್ತಿತ್ತು. ಕಾಲು ತೊಳೆದು, ನಮಾಝ್ ಮುಗಿಸಿ ಬಂದು ಆ ಮೇಲ್ ಓದಿದೆ. ಇದನ್ನು ನಾನೇ ಬರೆದದ್ದಾ ಅನ್ನಿಸಿತು. ಅಳಿಸಿದೆ.

ಇನ್ನು ನನ್ನ ತಂಗಿ. ಮನೆಯಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ಶ್ರದ್ಧೆ ಇರುವವಳು ಅವಳೇ. ಎರಡು ವರ್ಷದಿಂದ ಅವಳ ವುಝೂ ಉದ್ದ ಆಗುತ್ತಾ ಬಂತು. ಮೊದಲು 10 ನಿಮಿಷ, ಆಮೇಲೆ 20, ಈಗ 45. ಒಳಗೆ ನಲ್ಲಿ ಹರಿಯುತ್ತಲೇ ಇರುತ್ತದೆ. ಮಧ್ಯೆ ನಿಲ್ಲುತ್ತದೆ, ಎಲ್ಲರೂ ಉಸಿರು ಬಿಡುತ್ತೇವೆ, ಮತ್ತೆ ಶುರುವಾಗುತ್ತದೆ. ಬೆರಳ ಸಂದಿಯ ಚರ್ಮ ಬಿರಿದು ಕೆಂಪಾಗಿದೆ. ಹೊರಗೆ ಬಂದವಳು ಅಮ್ಮನಿಗೆ ಮೊಣಕೈ ತೋರಿಸಿ, "ಇಲ್ಲಿ ಒದ್ದೆ ಇದೆ ಅಲ್ವಾ? ಸರಿಯಾಗಿ ನೋಡಮ್ಮ" ಅನ್ನುತ್ತಾಳೆ. ಅಮ್ಮ "ಇದೆ ಕಂದ" ಅಂದರೂ ಸಮಾಧಾನ ಇಲ್ಲ. ಮೊನ್ನೆ ಮಗ್‌ರಿಬ್ (ಸೂರ್ಯ ಮುಳುಗಿದ ಮೇಲಿನ ನಮಾಝ್) ಹೊತ್ತು ಮೀರಿ ಹೋಯಿತು, ಅವಳು ಬಚ್ಚಲಲ್ಲೇ ಇದ್ದಳು.

ಅದೇ ನೀರು, ಅದೇ ಕ್ರಮ. ನನಗೆ ಔಷಧಿ, ಅವಳಿಗೆ ಶಿಕ್ಷೆ. ಯಾಕೆ ಹೀಗೆ?


ರಾತ್ರಿ ಪಾಳಿ

ವಅಲೈಕುಂ ಸಲಾಂ ಅಣ್ಣ. ನಿಮ್ಮ ಮೊದಲ ಅರ್ಧ ಓದಿ ನನ್ನದೇ ಕಥೆ ಅನ್ನಿಸಿತು. ತಂಗಿಯ ವಿಷಯ ತಿಳಿದವರು ಹೇಳಲಿ, ನಾನು ನನಗೆ ಗೊತ್ತಿರೋದು ಹೇಳುತ್ತೇನೆ.

ನನ್ನದು ರಾತ್ರಿ ಕೆಲಸ. ಬೆಳಗಿನ ಜಾವ 4ರ ಹೊತ್ತಿಗೆ ತಲೆ ಅನ್ನೋದು ಒದ್ದೆ ಹತ್ತಿಯ ಹಾಗಿರುತ್ತದೆ. ಬೇಡದ ಯೋಚನೆಗಳೆಲ್ಲ ಆಗಲೇ ಬರೋದು. ಸಾಲ, ಅಪ್ಪನ ಆರೋಗ್ಯ, ಎಂದೋ ಯಾರೋ ಅಂದ ಮಾತು. ಫಜ್ರ್‌ಗೆ (ಬೆಳಗಿನ ನಮಾಝಿಗೆ) ವುಝೂ ಮಾಡುವಾಗ ಆ ಸರಪಳಿ ತುಂಡಾಗುತ್ತದೆ. ಜಾದೂ ಏನಲ್ಲ. ಎಡಗೈಯೋ ಬಲಗೈಯೋ, ಇದು ಎರಡನೇ ಸಲವೋ ಮೂರನೇ ಸಲವೋ ಅಂತ ಗಮನ ಇಡಬೇಕಲ್ಲ, ಸಾಲದ ಲೆಕ್ಕಕ್ಕೆ ಜಾಗ ಇರೋದಿಲ್ಲ.

ಒಂದು ನಗುವ ವಿಷಯ. ನಮ್ಮಲ್ಲಿ ಕಾಲು ತೊಳೆಯಲು ಬೇರೆ ಜಾಗ ಇಲ್ಲ, ಮುಖ ತೊಳೆಯುವ ಸಿಂಕ್ ಒಂದೇ. ಒಂದು ಕಾಲು ಸಿಂಕಿನಲ್ಲಿ, ಇನ್ನೊಂದು ಕಾಲಲ್ಲಿ ಕುಂಟುತ್ತಾ, ಪ್ಯಾಂಟ್ ಮೊಣಕಾಲವರೆಗೆ ಮಡಚಿಕೊಂಡು ನಿಂತಿದ್ದೆ. ಆಗಲೇ ಮೇಲಧಿಕಾರಿ ಒಳಗೆ ಬಂದರು. ಇಬ್ಬರೂ ಕನ್ನಡಿಯಲ್ಲೇ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವರು "ಬೀಳಬೇಡಿ" ಅಂದು ಹೊರಟು ಹೋದರು. ಆ ದಿನ ಇಡೀ ಮನಸ್ಸು ಹಗುರವಾಗಿತ್ತು, ಅದು ವುಝೂವಿನಿಂದಲೋ ನಗುವಿನಿಂದಲೋ ಗೊತ್ತಿಲ್ಲ.

ಸಿಟ್ಟಿನ ವಿಷಯಕ್ಕೆ ಹದೀಸ್ (ಪ್ರವಾದಿಯವರದ್ದೆಂದು ದಾಖಲಾದ ಮಾತು) ಇದೆ ಅಲ್ವಾ? ಸಿಟ್ಟು ಶೈತಾನನಿಂದ, ಶೈತಾನ ಬೆಂಕಿಯಿಂದ, ಬೆಂಕಿ ಆರೋದು ನೀರಿನಿಂದ, ಹಾಗಾಗಿ ಸಿಟ್ಟು ಬಂದರೆ ವುಝೂ ಮಾಡಿ ಅಂತ. ನೀವು ಆ ಮೇಲ್ ಅಳಿಸಿದ್ದು ಇದಕ್ಕೇ ಸರಿಹೊಂದುತ್ತದೆ.


ಕಿತಾಬಿನ ಹುಳು

ರಾತ್ರಿ ಪಾಳಿಯವರೇ, ಆ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ, ಸರಿ. ಆದರೆ ಅದರ ಸನದ್, ಅಂದರೆ ಹೇಳಿಕೊಂಡು ಬಂದವರ ಸರಪಳಿ, ದುರ್ಬಲ ಅಂತ ಹೇಳಿದ ವಿದ್ವಾಂಸರಿದ್ದಾರೆ. ಅದಕ್ಕಿಂತ ಗಟ್ಟಿ ಅನ್ನಿಸಿಕೊಂಡಿರೋದು ಅದೇ ಸಂಗ್ರಹದ ಇನ್ನೊಂದು ಮಾತು: ನಿಂತಾಗ ಸಿಟ್ಟು ಬಂದರೆ ಕೂತುಕೊಳ್ಳಿ, ಹೋಗದಿದ್ದರೆ ಮಲಗಿ. ಎರಡರಲ್ಲೂ ಕೆಲಸ ಒಂದೇ. ಸಿಟ್ಟು ಬಂದ ಗಳಿಗೆಗೂ ಕೈ ಎತ್ತುವ ಗಳಿಗೆಗೂ ನಡುವೆ ಒಂದಿಷ್ಟು ಅಂತರ ಸಿಗುತ್ತದೆ.

ಮಲಗುವ ಮುಂಚೆ ವುಝೂ ಮಾಡಿ ಬಲ ಮಗ್ಗುಲಿಗೆ ಮಲಗುವ ಸುನ್ನತ್ (ಪ್ರವಾದಿಯವರ ರೂಢಿ) ಮಾತ್ರ ಗಟ್ಟಿ, ಬುಖಾರಿ ಹದೀಸ್ ಸಂಗ್ರಹದಲ್ಲೇ ಇದೆ. ನಿದ್ದೆ ಬಾರದವರು ಒಂದು ವಾರ ಮಾಡಿ ನೋಡಿ. ಫೋನ್ ಹಿಡಿದುಕೊಂಡು ಮಲಗುವ ಅಭ್ಯಾಸಕ್ಕೆ ಇದೇ ಕತ್ತರಿ. ಒದ್ದೆ ಕೈಯಲ್ಲಿ ಯಾರೂ ಸ್ಕ್ರೀನ್ ಮುಟ್ಟೋದಿಲ್ಲ.

ಒದ್ದೆ ತೋಳು ಅವರೇ, ತಂಗಿಯ ವಿಷಯಕ್ಕೆ ಕಿತಾಬುಗಳಲ್ಲಿ ತುಂಬಾ ಇದೆ. ಹುಡುಕಿಕೊಂಡು ಬರುತ್ತೇನೆ, ಸ್ವಲ್ಪ ಸಮಯ ಕೊಡಿ.


ಸಂಶಯಪ್ರಾಣಿ

ನಾನು ನಮಾಝ್ ಮಾಡುವವನೇ, ಆದರೂ ಒಂದು ಮಾತು. ಈ ಚರ್ಚೆ ಶುರುವಾದ ತಕ್ಷಣ ಯಾರಾದರೂ ಆ ವಾಟ್ಸಾಪ್ ಫಾರ್ವರ್ಡ್ ಹಾಕುತ್ತಾರೆ ನೋಡಿ: ವುಝೂವಿನಲ್ಲಿ ಇಷ್ಟು ಅಕ್ಯುಪ್ರೆಶರ್ ಬಿಂದುಗಳು ಒತ್ತಲ್ಪಡುತ್ತವೆ, ಯಾರೋ ವಿದೇಶಿ ಡಾಕ್ಟರ್ ಬೆರಗಾಗಿ ಇಸ್ಲಾಂ ಸ್ವೀಕರಿಸಿದ, ಇತ್ಯಾದಿ. ದಯವಿಟ್ಟು ಬೇಡ. ಆ ಡಾಕ್ಟರಿಗೆ ಪ್ರತಿ ಸಲ ಬೇರೆ ಬೇರೆ ಹೆಸರು.

ನಿಜವಾಗಿ ಗೊತ್ತಿರೋದು ಏನು? ಮುಖವನ್ನು ತಣ್ಣೀರಲ್ಲಿ ಮುಳುಗಿಸಿ ಉಸಿರು ಹಿಡಿದರೆ ಎದೆಬಡಿತ ನಿಧಾನ ಆಗುತ್ತದೆ. ಡೈವಿಂಗ್ ರಿಫ್ಲೆಕ್ಸ್ ಅಂತ ಹೆಸರು. ಮುಖದ ನರದಿಂದ ಮೆದುಳಿಗೆ ಸುದ್ದಿ ಹೋಗಿ, ವೇಗಸ್ ನರ ಹೃದಯಕ್ಕೆ ಬ್ರೇಕ್ ಹಾಕುತ್ತದೆ. ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಡಿಬಿಟಿ ಅನ್ನುವ ಮನೋಚಿಕಿತ್ಸೆಯಲ್ಲಿ ಇದನ್ನೇ ಕಲಿಸುತ್ತಾರೆ. ಉದ್ವೇಗ ತಡೆಯಲಾಗದಷ್ಟು ಏರಿದಾಗ ತಣ್ಣೀರಿನ ಬೋಗುಣಿಯಲ್ಲಿ ಅರ್ಧ ನಿಮಿಷದಷ್ಟು ಮುಖ ಇಡಿ ಅಂತ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು, ಅದು ಬೇರೆ.

ಆದರೆ ವುಝೂವಿನಲ್ಲಿ ಯಾರು ಅರ್ಧ ನಿಮಿಷ ಮುಖ ಮುಳುಗಿಸುತ್ತಾರೆ? ಬೊಗಸೆ ನೀರು ಎರಚಿಕೊಳ್ಳುತ್ತೇವೆ ಅಷ್ಟೇ. ಅದೂ ಎಷ್ಟೋ ಜನ ಬಿಸಿನೀರಲ್ಲಿ. ಹಾಗಾಗಿ ಅದೇ ಕಾರಣ ಅಂತ ಹೇಳಲಾಗದು. ಸ್ವಲ್ಪ ಪಾಲು ಇದ್ದೀತು.

ಇನ್ನೊಂದು. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ತಾವು ಮಾಡಿದ ತಪ್ಪನ್ನು ನೆನಪಿಸಿಕೊಂಡವರಿಗೆ ಕೈ ಒರೆಸಿಕೊಳ್ಳಲು ಕೊಟ್ಟರೆ ಪಾಪಪ್ರಜ್ಞೆ ಇಳಿಯುತ್ತದೆ ಅಂತ. ಎಲ್ಲರೂ ಇದನ್ನೇ ಹಿಡಿದುಕೊಂಡು "ನೋಡಿ, ವುಝೂ ಸಾಬೀತಾಯ್ತು" ಅಂತಾರೆ. ಎರಡು ವಿಷಯ ಬಿಟ್ಟುಬಿಡುತ್ತಾರೆ. ಕೈ ಒರೆಸಿಕೊಂಡವರು ಆಮೇಲೆ ಇನ್ನೊಬ್ಬರಿಗೆ ಸಹಾಯ ಮಾಡಲು ಮುಂದೆ ಬಂದದ್ದು ಕಮ್ಮಿ! ಮತ್ತು ಆ ಅಧ್ಯಯನದ ಭಾಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. ನಮ್ಮ ಇಬಾದತ್ತಿಗೆ (ಆರಾಧನೆಗೆ) ಇಂಥ ಊರುಗೋಲು ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ.


ಒದ್ದೆ ತೋಳು

ಸಂಶಯಪ್ರಾಣಿ ಅಣ್ಣ, ಆ ಫಾರ್ವರ್ಡ್ ನಾನೂ ನಾಲ್ಕು ಜನಕ್ಕೆ ಕಳಿಸಿದ್ದೇನೆ. ಕ್ಷಮಿಸಿ.


ಸತ್ಯದ ಹಾದಿ

ಸಹೋದರ, ಇದೆಲ್ಲ ಈಮಾನ್ (ನಂಬಿಕೆ) ಕಮ್ಮಿಯಾದಾಗ ಬರುವ ವಸ್ವಾಸ್ (ಬಿಡದೆ ಕಾಡುವ ಯೋಚನೆ). ನಿಮ್ಮ ತಂಗಿಗೆ ಕುರ್‌ಆನ್ ಜಾಸ್ತಿ ಓದಲು ಹೇಳಿ, ದಿಕ್ರ್ (ಅಲ್ಲಾಹನ ಸ್ಮರಣೆ) ಮಾಡಲು ಹೇಳಿ. ಮಾನಸಿಕ ಡಾಕ್ಟರು ಅಂತೆಲ್ಲ ತಿರುಗಬೇಡಿ, ನಾಳೆ ಮದುವೆ ಮಾತುಕತೆಗೆ ಕಷ್ಟ ಆಗುತ್ತದೆ.


ಎರಡು ಮಕ್ಕಳ ತಾಯಿ

ಈ ಮೇಲಿನ ಮಾತು ಓದಿ ಕೈ ನಡುಗಿತು. ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ.

ಎರಡನೇ ಹೆರಿಗೆ ಆದ ಮೇಲೆ ನನಗೆ ಖಿನ್ನತೆ ಬಂತು. ಮಗು ಅಳುತ್ತಿದ್ದರೆ ಗೋಡೆ ನೋಡಿಕೊಂಡು ಕೂತಿರುತ್ತಿದ್ದೆ. ತಲೆ ಬಾಚಿ ಎಷ್ಟು ದಿನ ಆಗಿತ್ತೋ. ನಿಫಾಸ್, ಅಂದರೆ ಹೆರಿಗೆಯ ನಂತರದ ರಕ್ತಸ್ರಾವ, ಮುಗಿಯುವವರೆಗೆ ನಮಾಝ್ ಇಲ್ಲವಲ್ಲ, ಅದರಿಂದ ದಿನಕ್ಕೆ ಹಿಡಿಕೆಯೇ ಇಲ್ಲದ ಹಾಗಾಗಿತ್ತು. ಯಾವುದು ಬೆಳಗ್ಗೆ, ಯಾವುದು ಸಂಜೆ ಅಂತ ಗೊತ್ತಾಗುತ್ತಿರಲಿಲ್ಲ. ಆಗಲೂ ನನಗೆ ಇದೇ ಮಾತು ಹೇಳಿದರು. ಈಮಾನ್ ಕಮ್ಮಿ, ಕೃತಜ್ಞತೆ ಇಲ್ಲ.

ಡಾಕ್ಟರ ಹತ್ತಿರ ಹೋದೆ, ಮಾತ್ರೆ ತೆಗೆದುಕೊಂಡೆ. ನನ್ನನ್ನು ಎಬ್ಬಿಸಿದ್ದು ಅದು, ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ವುಝೂವಿಗೂ ಒಂದು ಜಾಗ ಇತ್ತು. ಪೂರ್ತಿ ಸ್ನಾನ ಅಂದರೆ ಬೆಟ್ಟ ಹತ್ತಿದ ಹಾಗೆ. ಮುಖ, ಕೈ, ಕಾಲು ಅಷ್ಟೇ ಅಂದರೆ ಆಗುತ್ತಿತ್ತು. ನಿಫಾಸ್ ಮುಗಿದು, ಗುಸ್ಲ್ (ಶುದ್ಧಿಯ ಪೂರ್ತಿ ಸ್ನಾನ) ಮಾಡಿ, ಮೊದಲ ಸಲ ವುಝೂ ಮಾಡಿದ ದಿನ ನೆನಪಿದೆ. ಒದ್ದೆ ಕೈ ತಲೆಯ ಮೇಲೆ ಆಡಿಸಿ ಮಸಹ್ ಮಾಡುವಾಗ ಅಳು ಬಂತು. ಎಷ್ಟೋ ವಾರಗಳಿಂದ ನನ್ನ ಕೈ ಮಗುವಿಗೆ, ಬಟ್ಟೆಗೆ, ಪಾತ್ರೆಗೆ ತಾಗಿತ್ತು. ನನಗೇ ತಾಗಿರಲಿಲ್ಲ.

ನಮಾಝ್ ಇಲ್ಲದ ದಿನಗಳಲ್ಲೂ ಹೊತ್ತಿಗೆ ಸರಿಯಾಗಿ ವುಝೂ ಮಾಡಿ, ಮುಸಲ್ಲಾದ (ನಮಾಝಿನ ಚಾಪೆಯ) ಜಾಗದಲ್ಲಿ ಕೂತು ಸ್ವಲ್ಪ ತಸ್ಬೀಹ್ (ಅಲ್ಲಾಹನ ಸ್ತುತಿ) ಮಾಡುವುದು ಒಳ್ಳೆಯದು ಅಂತ ಹನಫಿ ಪಂಥದ ಕಿತಾಬುಗಳಲ್ಲಿದೆ, ಅಭ್ಯಾಸ ತಪ್ಪಬಾರದು ಅಂತ. ಬೇರೆ ಮಝ್‌ಹಬ್‌ನವರು (ಪಂಥದವರು) ತಮ್ಮ ಉಸ್ತಾದರನ್ನು ಕೇಳಿ. ನನಗೆ ಇದು ಆಮೇಲೆ ಗೊತ್ತಾಯಿತು. ಆಗಲೇ ಯಾರಾದರೂ ಹೇಳಿದ್ದರೆ ಅನ್ನಿಸುತ್ತದೆ.

ಒದ್ದೆ ತೋಳು ತಮ್ಮಾ, ತಂಗಿಯನ್ನು ಕರೆದುಕೊಂಡು ಹೋಗಿ. ಮದುವೆ ಮಾತುಕತೆ ಆಮೇಲೆ ನೋಡೋಣ.


ಕಿತಾಬಿನ ಹುಳು

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು.

ಸತ್ಯದ ಹಾದಿ ಸಹೋದರರೇ, ಪ್ರವಾದಿಯವರ ಒಡನಾಡಿಗಳಾದ ಸಹಾಬಿಗಳೇ ಅವರ ಹತ್ತಿರ ಬಂದು, ಬಾಯಲ್ಲಿ ಹೇಳಲಾಗದಂಥ ಯೋಚನೆಗಳು ಬರುತ್ತವೆ ಅಂತ ಹೇಳಿಕೊಂಡಿದ್ದಾರೆ. ನಿಮ್ಮ ಈಮಾನ್ ಕಮ್ಮಿ ಅನ್ನಲಿಲ್ಲ ಪ್ರವಾದಿಯವರು. ಅದು ಸ್ಪಷ್ಟ ಈಮಾನ್ ಅಂದರು. ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಸಂಗ್ರಹದಲ್ಲಿದೆ, ನೋಡಿ. ಆ ಯೋಚನೆ ಬಂದಾಗ ಹೆದರಿಕೆ ಆಗುತ್ತದಲ್ಲ, ಆ ಹೆದರಿಕೆಯೇ ಈಮಾನಿನ ಗುರುತು ಅಂತ ಉಲಮಾಗಳು (ವಿದ್ವಾಂಸರು) ವಿವರಿಸಿದ್ದಾರೆ.

ಈಗ ತಂಗಿಗೆ. ಹುಡುಕಿದ್ದು ಸಿಕ್ಕಿತು.

ಬಗ್ದಾದಿನಲ್ಲಿ ಇಬ್ನ್ ಅಕೀಲ್ ಅಂತ ಹಂಬಲಿ ಪಂಥದ ವಿದ್ವಾಂಸರಿದ್ದರು, 1119ರಲ್ಲಿ ತೀರಿಕೊಂಡರು. ಅವರ ಹತ್ತಿರ ಒಬ್ಬ ಬಂದು ಕೇಳಿದನಂತೆ: ನಾನು ನೀರಲ್ಲಿ ಎಷ್ಟೋ ಸಲ ಮುಳುಗಿ ಏಳುತ್ತೇನೆ, ಆದರೂ ಗುಸ್ಲ್ ಆಯಿತೋ ಇಲ್ಲವೋ ಅಂತ ಸಂಶಯ, ಏನು ಮಾಡಲಿ? ಇಬ್ನ್ ಅಕೀಲ್ ಅಂದರು: ಹೋಗು, ನಿನಗೆ ನಮಾಝ್ ಮಾಫಿ. ಅವನಿಗೆ ಗಾಬರಿ, ಅದು ಹೇಗೆ? ಇವರ ಉತ್ತರ: ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನ ಮೇಲೆ ಹೊಣೆ ಇಲ್ಲ ಅಂತ ಹದೀಸ್ ಇದೆ, ನೀರಲ್ಲಿ ಮುಳುಗಿ ಎದ್ದು ನೀರು ತಾಗಿತೋ ಇಲ್ಲವೋ ಅನ್ನುವವನನ್ನು ಏನನ್ನಬೇಕು? ಈ ಕಥೆ ಉಳಿಸಿಕೊಟ್ಟವರು ಇಬ್ನುಲ್ ಜೌಝಿ, ಅವರದೇ ಶತಮಾನದವರು. ಇವತ್ತಿನ ಕಿವಿಗೆ ಸ್ವಲ್ಪ ಒರಟು, ಒಪ್ಪುತ್ತೇನೆ. ಆದರೆ ಹಾಸ್ಯದೊಳಗೆ ಒಂದು ಕರುಣೆ ಇದೆ. "ಇನ್ನೊಂದು ಸಲ ಮುಳುಗು" ಅಂತ ಅವರು ಹೇಳಲಿಲ್ಲ.

ಅದಕ್ಕೂ ಮುಂಚೆ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ ಮನಸ್ಸಿನ ತೊಂದರೆಗಳನ್ನು ನಾಲ್ಕಾಗಿ ವಿಂಗಡಿಸಿದ್ದರು. ಸಿಟ್ಟು, ಭಯ, ದುಃಖ, ನಾಲ್ಕನೆಯದು ಬಿಡದೆ ಕಾಡುವ ಯೋಚನೆ, ಅಂದರೆ ವಸ್ವಾಸ್. ಮೈಗೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತದೆ, ಅದಕ್ಕೂ ಚಿಕಿತ್ಸೆ ಬೇಕು ಅನ್ನೋದು ಅವರ ನಿಲುವು. ಸಾವಿರ ವರ್ಷದ ಹಿಂದೆ! ನಾವಿನ್ನೂ ಮದುವೆ ಮಾತುಕತೆಗೆ ಹೆದರುತ್ತಿದ್ದೇವೆ.

ಫಿಕ್ಹ್ (ಧಾರ್ಮಿಕ ನಿಯಮ) ವಿಷಯ ಸರಳ. ಮೂರು ಸಲ ತೊಳೆಯುವುದು ಸುನ್ನತ್, ಒಂದು ಸಲ ತೊಳೆದರೂ ಫರ್ಝ್ (ಕಡ್ಡಾಯ) ಮುಗಿಯಿತು. ಮೂರಕ್ಕಿಂತ ಹೆಚ್ಚು ಮಾಡಿದವನು ತಪ್ಪು ಮಾಡಿದ, ಮಿತಿ ಮೀರಿದ ಅಂತ ಅಬೂ ದಾವೂದ್‌ನಲ್ಲಿ ಬಂದಿದೆ. ಅಂದರೆ ನಾಲ್ಕನೇ ಸಲ ತೊಳೆದರೆ ಜಾಸ್ತಿ ಶುದ್ಧ ಆಗೋದಿಲ್ಲ. ವುಝೂ ಮುಗಿದ ಮೇಲೆ ಬರುವ ಸಂಶಯಕ್ಕೆ ಬೆಲೆ ಇಲ್ಲ. ಸಂಶಯವೇ ಅಭ್ಯಾಸವಾದವರು ಮಧ್ಯದಲ್ಲಿ ಬಂದರೂ ಲೆಕ್ಕಕ್ಕೆ ಹಿಡಿಯಬಾರದು. ವುಝೂ ಮುರಿಯಿತೋ ಏನೋ ಅನ್ನಿಸಿದರೆ, ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಟ್ಟು ಹೋಗಬೇಡಿ ಅಂತ ಬುಖಾರಿಯಲ್ಲೇ ಇದೆ. ಇದರಿಂದಲೇ ಫಿಕ್ಹಿನ ದೊಡ್ಡ ನಿಯಮ ಹುಟ್ಟಿದ್ದು. ಖಚಿತವಾಗಿ ಗೊತ್ತಿರೋದನ್ನು ಸಂಶಯ ಅಳಿಸಲಾರದು.

ನೀರಿನ ಲೆಕ್ಕವೂ ಕೇಳಿ. ಪ್ರವಾದಿಯವರು ಒಂದು ಮುದ್ ನೀರಲ್ಲಿ ವುಝೂ ಮಾಡುತ್ತಿದ್ದರು. ಇವತ್ತಿನ ಅಳತೆಯಲ್ಲಿ ಒಂದು ಲೀಟರಿಗಿಂತ ಕಮ್ಮಿ, ಮುಕ್ಕಾಲು ಲೀಟರಿನ ಆಸುಪಾಸು. ತಂಗಿಯ 45 ನಿಮಿಷದಲ್ಲಿ ಎಷ್ಟು ಮುದ್ ಹೋಗುತ್ತದೆ, ನೀವೇ ಲೆಕ್ಕ ಹಾಕಿ.


ಹೊರಗಿನವಳು

ನಾನು ಮುಸ್ಲಿಂ ಅಲ್ಲ, ಕುತೂಹಲಕ್ಕೆ ಓದುತ್ತಿದ್ದೇನೆ. ಪ್ರಶ್ನೆ ತಪ್ಪಾಗಿದ್ದರೆ ಕ್ಷಮಿಸಿ. ನನ್ನ ಗೆಳತಿ ಸ್ನಾನ ಮಾಡಿ ಬಂದ ಅರ್ಧ ಗಂಟೆಗೇ ಮತ್ತೆ ಕೈಕಾಲು ತೊಳೆಯುತ್ತಿದ್ದಳು. ಕೊಳೆ ಎಲ್ಲಿತ್ತು? ಶುದ್ಧ ಅಂದರೆ ಇಲ್ಲಿ ಏನರ್ಥ?


ರಾತ್ರಿ ಪಾಳಿ

ಒಳ್ಳೆಯ ಪ್ರಶ್ನೆ ಅಕ್ಕ. ಕೊಳೆಗೂ ಇದಕ್ಕೂ ನೇರ ಸಂಬಂಧ ಇಲ್ಲ. ನಿದ್ದೆ ಮಾಡಿದರೆ, ಬಚ್ಚಲಿಗೆ ಹೋದರೆ, ಗಾಳಿ ಬಿಟ್ಟರೆ ವುಝೂ ಮುರಿಯುತ್ತದೆ. ಆದರೆ ತೊಳೆಯೋದು ಮುಖ, ಮೊಣಕೈವರೆಗೆ ಕೈ, ಗಂಟಿನವರೆಗೆ ಪಾದ. ತಲೆಗೆ ಒದ್ದೆ ಕೈ ಸವರೋದು. ಕೊಳೆಯೇ ಕಾರಣ ಆಗಿದ್ದರೆ ತೊಳೆಯುವ ಜಾಗ ಬೇರೆ ಇರಬೇಕಿತ್ತು ಅಲ್ವಾ?

ಇನ್ನೂ ಒಂದಿದೆ. ನೀರೇ ಇಲ್ಲ, ಅಥವಾ ಕಾಯಿಲೆಯಿಂದ ನೀರು ಮುಟ್ಟುವ ಹಾಗಿಲ್ಲ ಅಂದರೆ ತಯಮ್ಮುಮ್. ಶುದ್ಧ ಮಣ್ಣಿಗೆ ಅಂಗೈ ತಟ್ಟಿ ಮುಖಕ್ಕೂ ಕೈಗೂ ಸವರಿಕೊಳ್ಳುವುದು. ಮಣ್ಣು! ಅದರಿಂದ ಮುಖ ಹೊಳೆಯೋದಿಲ್ಲ. ಆದರೂ ನಮಾಝಿಗೆ ಅದು ಸಾಕು.


ಆಪ್ತಸಲಹೆ

ನಾನು ಮನೋಚಿಕಿತ್ಸೆ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ನೋಡದೆ ಯಾರಿಗೂ ಹೆಸರು ಹಚ್ಚಬಾರದು, ಆದರೆ ನೀವು ಬರೆದದ್ದು ಗೀಳು ಕಾಯಿಲೆಯ ಹಾಗೆ ಕಾಣುತ್ತದೆ. ಒಸಿಡಿ ಅಂತ ಕೇಳಿರುತ್ತೀರಿ. ಧರ್ಮದ ಆಚರಣೆಯನ್ನೇ ಹಿಡಿದುಕೊಳ್ಳುವ ರೂಪ ಎಲ್ಲ ಧರ್ಮಗಳಲ್ಲೂ ಕಾಣಸಿಗುತ್ತದೆ. ವುಝೂ ಇದಕ್ಕೆ ಕಾರಣ ಅಲ್ಲ. ಗೀಳು ಯಾವಾಗಲೂ ಆ ವ್ಯಕ್ತಿಗೆ ಅತಿ ಮುಖ್ಯವಾದದ್ದನ್ನೇ ಹಿಡಿಯುತ್ತದೆ. ನಿಮ್ಮ ತಂಗಿಗೆ ನಮಾಝ್ ಮುಖ್ಯ, ಅದನ್ನೇ ಹಿಡಿದಿದೆ.

ಒದ್ದೆ ತೋಳು ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನೀವು ನಲ್ಲಿ ನಿಲ್ಲಿಸೋದು ಮೂರು ಸಲ ಆಯಿತು ಅಂತ. ಅವಳು ನಿಲ್ಲಿಸಬೇಕು ಅಂದರೆ "ಈಗ ಸರಿಯಾಯಿತು" ಅಂತ ಒಳಗಿಂದ ಅನ್ನಿಸಬೇಕು. ಗೀಳು ಇರುವವರಿಗೆ ಆ ಅನ್ನಿಸಿಕೆ ಬರೋದೇ ಇಲ್ಲ. ಬಂದರೂ ಟವೆಲ್ ಹಿಡಿಯುವಷ್ಟರಲ್ಲಿ ಹೋಗಿಬಿಡುತ್ತದೆ. ಮತ್ತೆ ತೊಳೆದರೆ ಎರಡು ನಿಮಿಷ ಸಮಾಧಾನ. ತೊಳೆದದ್ದರಿಂದಲೇ ಬದುಕಿಕೊಂಡೆ ಅಂತ ಮೆದುಳು ಪಾಠ ಕಲಿಯುತ್ತದೆ. ನಾಳೆ ಇನ್ನೂ ಜಾಸ್ತಿ ಬೇಕು. ಹೀಗೇ 10 ನಿಮಿಷ 45 ಆಗೋದು.

ಮೇಲೆ ರಾತ್ರಿ ಪಾಳಿಯವರು ಹೇಳಿದ ಮಣ್ಣಿನ ಮಾತು ನನಗೆ ತುಂಬಾ ಹಿಡಿಸಿತು. ಶುದ್ಧ ಅನ್ನಿಸಬೇಕು ಅಂತ ಷರತ್ತೇ ಇಲ್ಲ ನೋಡಿ. ನಿಮ್ಮ ತಂಗಿಗೆ ಬೇಕಾಗಿರೋದೇ ಈ ಸುದ್ದಿ.

ಚಿಕಿತ್ಸೆ ಇದೆ. 1966ರಲ್ಲಿ ವಿಕ್ಟರ್ ಮೇಯರ್ ಅನ್ನುವವರು ಗೀಳು ಇರುವವರ ಮೇಲೆ ಒಂದು ವಿಧಾನ ಪ್ರಯೋಗಿಸಿ ಬರೆದರು. ಅದೇ ಬೆಳೆದು ಇವತ್ತು ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಆಗಿದೆ. ಸಂಶಯ ಬರಲಿ, ಆದರೆ ಮತ್ತೆ ತೊಳೆಯಬೇಡ, ಆ ಕಸಿವಿಸಿಯ ಜೊತೆ ಕೂತಿರು, ಅದು ತಾನಾಗಿ ಇಳಿಯುತ್ತದೆ. ಹೇಳಲು ಸುಲಭ, ಮಾಡುವವರಿಗೆ ಬಲು ಕಷ್ಟ. ಅದಕ್ಕೇ ತರಬೇತಿ ಇರುವವರ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಮಾಡಬೇಕು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ವುಝೂ ಬಿಡು ಅಂತ ಒಳ್ಳೆಯ ಚಿಕಿತ್ಸಕರು ಯಾರೂ ಹೇಳೋದಿಲ್ಲ. ಎಲ್ಲರೂ ಮಾಡುವ ಹಾಗೆ ಮಾಡಿ ಮುಗಿಸು ಅನ್ನುತ್ತಾರೆ. ಅವಳು ನಂಬುವ ಒಬ್ಬ ಆಲಿಮ್ (ಧರ್ಮ ವಿದ್ವಾಂಸ) ಪಕ್ಕದಲ್ಲಿದ್ದು "ಹೌದು, ಇಷ್ಟೇ ಸಾಕು" ಅಂತ ಒಂದು ಸಲ ಹೇಳಿದರೆ ಕೆಲಸ ಅರ್ಧ ಹಗುರ. ಒಂದೇ ಸಲ. ಪ್ರತಿ ವಾರ ಹೋಗಿ ಕೇಳಿದರೆ ಅದೂ ಗೀಳಿನ ಭಾಗವೇ ಆಗಿಬಿಡುತ್ತದೆ.

ನಿಮ್ಮ ಅಮ್ಮನಿಗೊಂದು ಮಾತು, ಬೇಸರ ಮಾಡಿಕೊಳ್ಳಬಾರದು. "ಒದ್ದೆ ಇದೆ ಕಂದ" ಅನ್ನೋದು ಪ್ರೀತಿಯಿಂದಲೇ. ಆದರೆ ಆ ಉತ್ತರ ಇನ್ನೊಂದು ಸಲ ತೊಳೆದ ಹಾಗೆಯೇ ಕೆಲಸ ಮಾಡುತ್ತದೆ. ಹಾಗಂತ ನಾಳೆಯಿಂದಲೇ ಬಾಯಿ ಮುಚ್ಚಿಕೊಂಡರೆ ಹುಡುಗಿ ಕಂಗಾಲಾಗುತ್ತಾಳೆ. ಅವಳ ಜೊತೆ ಮಾತಾಡಿ, ಒಪ್ಪಿಸಿ, ನಿಧಾನಕ್ಕೆ ನಿಲ್ಲಿಸಬೇಕು.


ಸಂಶಯಪ್ರಾಣಿ

ಆಪ್ತಸಲಹೆ ಅವರೇ, ಈ "ಮೂರು ಸಲ ಆಯಿತು ಅಂತ ನಿಲ್ಲಿಸೋದು" ಅನ್ನೋದು ನನ್ನ ತಲೆಯಲ್ಲೇ ಕೂತಿದೆ. ನಾನು ವೇಗಸ್ ನರ ಹುಡುಕುತ್ತಿದ್ದೆ, ನೀವು ನಲ್ಲಿಯ ತಿರುಪು ತೋರಿಸಿದಿರಿ. ಯೋಚನೆ ಮಾಡಿದರೆ, ದಿನದಲ್ಲಿ ಪೂರ್ತಿ ಮುಗಿಯುವ ಕೆಲಸ ನನಗೆ ಇನ್ಯಾವುದಿದೆ? ಮೇಲ್ ಮುಗಿಯೋದಿಲ್ಲ, ಮನೆಕೆಲಸ ಮುಗಿಯೋದಿಲ್ಲ. ಪಾದ ತೊಳೆದರೆ ವುಝೂ ಮುಗಿಯಿತು. ಐದು ಹೊತ್ತೂ ಮುಗಿಯುತ್ತದೆ.

ಒಂದು ಸಣ್ಣ ಆಕ್ಷೇಪ. ವುಝೂ ನೀರಿನ ಹನಿಯ ಜೊತೆ ಪಾಪಗಳು ಇಳಿದು ಹೋಗುತ್ತವೆ ಅಂತ ಮುಸ್ಲಿಂನಲ್ಲಿ ಹದೀಸ್ ಇದೆಯಲ್ಲ. ಗೀಳು ಇರುವವರಿಗೆ ಇದೇ ಕುತ್ತಿಗೆಗೆ ಸುತ್ತಿಕೊಳ್ಳಲ್ವಾ? "ಒಂದು ಹನಿ ತಪ್ಪಿದರೆ ಒಂದು ಪಾಪ ಉಳಿಯಿತು" ಅಂತ?


ಆಪ್ತಸಲಹೆ

ಸುತ್ತಿಕೊಳ್ಳಬಹುದು. ಆರೋಗ್ಯವಾಗಿ ಇರುವವರು ಅದನ್ನು ಓದಿ ಭಾರ ಇಳಿಯಿತು ಅಂದುಕೊಳ್ಳುತ್ತಾರೆ. ಗೀಳು ಅದನ್ನೇ ಲೆಕ್ಕದ ಪುಸ್ತಕ ಮಾಡಿಕೊಳ್ಳುತ್ತದೆ. ಹಾಗಾಗಿ ಅಂಥವರ ಮುಂದೆ ಯಾವ ಹದೀಸ್ ಮೊದಲು ಹೇಳಬೇಕು ಅನ್ನೋದು ಮುಖ್ಯ. ಹುಳು ಅವರು ಹೇಳಿದ ಮೂರರ ಮಿತಿ ಮೊದಲು.


ಕಿತಾಬಿನ ಹುಳು

ವುಝೂವಿನ ಆಯತ್ (ಕುರ್‌ಆನಿನ ವಚನ) ಇದೆಯಲ್ಲ, ಸೂರಃ (ಅಧ್ಯಾಯ) ಅಲ್ ಮಾಇದಃದ 6ನೆಯದು, ಅದನ್ನೂ ಹೇಳಿ. ಮುಖ ತೊಳೆಯಿರಿ, ಕೈ ತೊಳೆಯಿರಿ, ನೀರು ಸಿಗದಿದ್ದರೆ ಮಣ್ಣು ಅಂತೆಲ್ಲ ಹೇಳಿದ ಮೇಲೆ ಅದೇ ಆಯತ್‌ನಲ್ಲಿ ಅಲ್ಲಾಹನು ನಿಮ್ಮನ್ನು ಕಷ್ಟಕ್ಕೆ ಸಿಲುಕಿಸಲು ಬಯಸುವುದಿಲ್ಲ ಅಂತ ಬರುತ್ತದೆ. ನಾವು ಮಕ್ಕಳಿಗೆ ಮೊದಲ ಅರ್ಧ ಬಾಯಿಪಾಠ ಮಾಡಿಸುತ್ತೇವೆ. ಕೊನೆಯ ಅರ್ಧ ಬಿಟ್ಟುಬಿಡುತ್ತೇವೆ.


ಸತ್ಯದ ಹಾದಿ

ಎರಡು ಮಕ್ಕಳ ತಾಯಿಯವರಿಗೆ ನನ್ನ ಮಾತಿನಿಂದ ನೋವಾಗಿದ್ದರೆ ಮಾಫ್ ಮಾಡಿ. ದಿಕ್ರ್ ಬೇಕು ಅನ್ನೋದರಲ್ಲಿ ನಾನು ಹಿಂದೆ ಸರಿಯೋದಿಲ್ಲ. ಡಾಕ್ಟರ್ ಬೇಡ ಅಂದದ್ದು ತಪ್ಪು.


ಎರಡು ಮಕ್ಕಳ ತಾಯಿ

ಆಯಿತು ಬಿಡಿ. ದಿಕ್ರ್ ನಾನೂ ಬಿಟ್ಟಿಲ್ಲ.


ಒದ್ದೆ ತೋಳು

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು.

ಮೊದಲು ಆ ಇಬ್ನ್ ಅಕೀಲ್ ಕಥೆ. ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಅವಳಿಗೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಸಾವಿರ ವರ್ಷದ ಹಿಂದೆಯೂ ಇದ್ದರಾ ನನ್ನ ಥರದವರು?" ಅಂತ ಕೇಳಿದಳು. ಅವಳಿಗೆ ಇಷ್ಟು ದಿನ ತಾನೊಬ್ಬಳೇ ಹೀಗೆ ಅನ್ನಿಸಿತ್ತಂತೆ. ಡಾಕ್ಟರ ಹತ್ತಿರ ಹೋಗಲು ಒಪ್ಪಿದ್ದು ಅದೇ ಸಂಜೆ.

ಆಪ್ತಸಲಹೆ ಮೇಡಂ ಹೇಳಿದ್ದೇ ಅಲ್ಲಿಯೂ ಹೇಳಿದರು. ವಾರಕ್ಕೊಂದು ಸಲ ಹೋಗುತ್ತಿದ್ದಾಳೆ, ಒಂದು ಮಾತ್ರೆಯೂ ಇದೆ. ಒಬ್ಬ ಉಸ್ತಾದರನ್ನೂ ಕಂಡೆವು. ಅವರು ಅವಳ ಎದುರೇ ವುಝೂ ಮಾಡಿ ತೋರಿಸಿದರು, ಒಂದೊಂದೇ ಸಲ ತೊಳೆದು. ನಾನು ಫೋನಿನಲ್ಲಿ ಸಮಯ ನೋಡಿದೆ, ಎರಡು ನಿಮಿಷವೂ ಆಗಲಿಲ್ಲ. "ಈ ವುಝೂವಿನಲ್ಲೇ ನಾನು ಈಗ ಮುಂದೆ ನಿಂತು ನಮಾಝಿನ ಇಮಾಮತ್ ಮಾಡುತ್ತೇನೆ, ನಿಮ್ಮ ಅಣ್ಣನ ನಮಾಝ್ ಹೊಣೆಯೂ ನನ್ನ ಮೇಲೆ" ಅಂದರು. ತಂಗಿ ನೆಲ ನೋಡುತ್ತಾ ನಕ್ಕಳು.

ಈಗ ನಲ್ಲಿ ಬಂದ್. ಒಂದು ಲೀಟರಿನ ಚೊಂಬು ಕೊಟ್ಟಿದ್ದೇವೆ. ಚೊಂಬು ಖಾಲಿ ಆದರೆ ವುಝೂ ಮುಗಿಯಿತು. ಇದು ಅವಳೇ ಚಿಕಿತ್ಸಕರ ಜೊತೆ ಕೂತು ಮಾಡಿಕೊಂಡ ಒಪ್ಪಂದ, ನಾವು ಹೇರಿದ್ದಲ್ಲ. ಮೊದಲ ವಾರ ನರಕ. ಖಾಲಿ ಚೊಂಬು ಹಿಡಿದುಕೊಂಡು ಅಳುತ್ತಾ ನಿಂತಿರುತ್ತಿದ್ದಳು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಕದ್ದು ಹೋಗಿ ಮತ್ತೆ ನಲ್ಲಿ ಬಿಟ್ಟು ತೊಳೆದುಕೊಂಡಳು, ಬೆಳಗ್ಗೆ ತಾನೇ ಹೇಳಿದಳು. ಅಮ್ಮನಿಗೆ ಇನ್ನೂ ಕಷ್ಟ. ಅವಳು ಕೇಳಿದಾಗ ಅಮ್ಮ ಉತ್ತರ ಕೊಡದೆ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾರೆ.

ಬೆರಳ ಸಂದಿಯ ಬಿರುಕು ಮುಚ್ಚುತ್ತಿದೆ. ನಿನ್ನೆ ಇಶಾಗೆ (ರಾತ್ರಿಯ ನಮಾಝಿಗೆ) 11 ನಿಮಿಷ. ಹೊರಗೆ ಬಂದು ನನ್ನ ಎದುರು ನಿಂತಳು. ಮೊಣಕೈ ಅರ್ಧ ಎತ್ತಿದಳು, ಬಾಯಿ ತೆರೆದಳು. ನಾನು ಉಸಿರು ಹಿಡಿದೆ. ಏನೂ ಕೇಳದೆ ಟವೆಲ್ ನನ್ನ ಮುಖಕ್ಕೆ ಎಸೆದು ನಮಾಝಿಗೆ ಹೋದಳು.


ರಾತ್ರಿ ಪಾಳಿ

ಅಲ್‌ಹಮ್ದುಲಿಲ್ಲಾಹ್. ಟವೆಲ್ ಒದ್ದೆ ಇತ್ತು ತಾನೇ?


ಒದ್ದೆ ತೋಳು

ಅದನ್ನು ಮಾತ್ರ ಕೇಳಬೇಡಿ ಅಣ್ಣ, ಉತ್ತರ ಕೊಡಬಾರದು ಅಂತ ಮೇಡಂ ಹೇಳಿದ್ದಾರೆ.